ಹೆದ್ದಾರಿಯಲ್ಲಿ ಮೊದಲ ದಾರಿ ಯಾರದು?

ಹೆದ್ದಾರಿಯಲ್ಲಿ ಸಾಗುತ್ತಿರುವವನಿಗೆ ಮೊದಲು ದಾರಿಯೋ, ಪಕ್ಕದ ರಸ್ತೆಯಿಂದ ಬಂದು ಸೇರುವವನಿಗೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ಇದಕ್ಕೆ ತಪ್ಪು ಉತ್ತರ ಕೊಟ್ಟವರು ಪ್ರಾಣವನ್ನೇ ಬೆಲೆಯಾಗಿ ತೆರಬೇಕಾಗುತ್ತದೆ. ಅನೇಕ ವೇಳೆ ಆ ಪ್ರಾಣವು ಪರರದಾಗಿರುತ್ತದೆ. 2023ನೆಯ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯು ಈ ಪ್ರಶ್ನೆಯನ್ನು ನಮ್ಮ ನಾಡಿನ ಮನೆಬಾಗಿಲಿಗೇ ತಂದು ನಿಲ್ಲಿಸಿದೆ. ನಡುವೆ ಆರು ಪಥಗಳ ಮುಖ್ಯ ಮಾರ್ಗ, ಇಕ್ಕೆಲಗಳಲ್ಲಿ ಸರ್ವಿಸ್ ರಸ್ತೆ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದವರು ತಮ್ಮ ಊರನ್ನು ಬಳಸಿ ಹೋಗುವ ಆ ಮುಖ್ಯ ಮಾರ್ಗವನ್ನು ಪಕ್ಕದಿಂದಲೇ ಬಂದು ಸೇರಬೇಕಾಗಿದೆ.

ಈ ವಿಷಯದಲ್ಲಿ ಕಾನೂನು ಸಂದಿಗ್ಧವಾಗಿಲ್ಲ. ಪೋಲೀಸರಾಗಲಿ ದೀಪವಾಗಲಿ ಇಲ್ಲದ ಕೂಡುಹಾದಿಯಲ್ಲಿ ಮುಖ್ಯ ರಸ್ತೆಯನ್ನು ಪ್ರವೇಶಿಸುವವನು ಅದರಲ್ಲಿ ಸಾಗುತ್ತಿರುವವರಿಗೆ ದಾರಿ ಬಿಡತಕ್ಕದ್ದೆಂದು 1989ರ ರಸ್ತೆ ನಿಯಮಗಳೇ ವಿಧಿಸಿದ್ದವು. ಅವುಗಳ ಸ್ಥಾನದಲ್ಲಿ 2017ರ ವಾಹನ ಚಾಲನಾ ನಿಯಮಗಳು ಬಂದ ಮೇಲೂ ಈ ತತ್ತ್ವವು ಉಳಿದಿದೆ. ಇಂತಹ ನಿಯಮಗಳನ್ನು ಮುರಿದವರಿಗೆ 2019ರ ತಿದ್ದುಪಡಿಯು 500ರಿಂದ 1000 ರೂಪಾಯಿಗಳ ದಂಡವನ್ನು ವಿಧಿಸುತ್ತದೆ. ಆದರೂ ಮೊದಲು ಮೂಗು ತೂರಿಸಿದವನದೇ ದಾರಿ ಎಂಬ ಪೇಟೆಬೀದಿಯ ರೂಢಿಯನ್ನು ನಾವು ಹೆದ್ದಾರಿಗೂ ಒಯ್ದಿದ್ದೇವೆ. ಪಕ್ಕದ ದೀಪವನ್ನು ಮಿಣುಕಿಸಿದೊಡನೆ ತನಗೆ ಹಕ್ಕು ಪ್ರಾಪ್ತವಾಯಿತೆಂದು ಭಾವಿಸುವವರಿಗೆ ಕೊರತೆಯಿಲ್ಲ. ಆ ದೀಪವು ಕೇವಲ ವಿಜ್ಞಾಪನೆ. ಅದು ಅಪ್ಪಣೆಯ ಚೀಟಿಯಲ್ಲ.

ಲೆಕ್ಕವು ಕಾನೂನಿಗಿಂತಲೂ ನಿಷ್ಠುರವಾದುದು. ಗಂಟೆಗೆ 100 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರು ಸಾಗುತ್ತದೆ. 40ರ ವೇಗದಲ್ಲಿ ಒಬ್ಬನು ಅದರ ಮುಂದೆ ಬಂದು ಸೇರಿದರೆ, ನಡುವೆ 100 ಮೀಟರಿನ ಅಂತರವಿದ್ದರೂ ಅದು ಆರೇ ಸೆಕೆಂಡಿನಲ್ಲಿ ಕರಗಿಹೋಗುತ್ತದೆ.

ಹಾಗೆಂದು ಹೊಣೆಯೆಲ್ಲವನ್ನೂ ಸೇರುವವನ ತಲೆಗೆ ಕಟ್ಟಿ ಸರಕಾರದವರು ಕೈತೊಳೆದುಕೊಳ್ಳುವಂತಿಲ್ಲ. ಆ ಚಾಲಕನು ಸೆಕೆಂಡಿಗೆ ನಾಲ್ಕು ಕಿಲೋಮೀಟರಿನಂತೆ ವೇಗವನ್ನು ಏರಿಸಿದರೂ 40ರಿಂದ 100ನ್ನು ಮುಟ್ಟಲು ಹದಿನೈದು ಸೆಕೆಂಡುಗಳೂ ಸುಮಾರು 290 ಮೀಟರು ದಾರಿಯೂ ಬೇಕು. ಅಷ್ಟು ಉದ್ದದ ಪ್ರವೇಶಪಥವನ್ನು ಕಟ್ಟಿಕೊಡದೆ, ಹಿಂದಿನಿಂದ ಬರುವ ವಾಹನವು ಕಾಣದಂತೆ ಗೋಡೆಯನ್ನೋ ಫಲಕವನ್ನೋ ನಿಲ್ಲಿಸಿ, ಬಳಿಕ ನಿಯಮವನ್ನು ಪಾಲಿಸೆಂದರೆ ಅದು ನ್ಯಾಯವಾದೀತೆ? 2023ನೆಯ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರುಗಳನ್ನು ಮುಖ್ಯ ಮಾರ್ಗದಿಂದ ನಿಷೇಧಿಸಿದ್ದರಿಂದ ನಿಧಾನಗತಿಯವರ ಅಪಾಯವು ಅಲ್ಲಿ ತಗ್ಗಿತು, ನಿಜ. ಆದರೆ ಸೇರುವೆಡೆಯ ಅಪಾಯವನ್ನು ನಿಷೇಧದಿಂದ ನೀಗಲಾಗದು. ಪ್ರತಿಯೊಂದು ಪ್ರವೇಶದ್ವಾರವನ್ನೂ ಅಳೆದು, ಕಿರಿದಾಗಿರುವುದನ್ನು ಹಿಗ್ಗಿಸಿ, ಅದು ಸಾಧ್ಯವಿಲ್ಲದೆಡೆ ಮುಚ್ಚಿಬಿಡುವುದೇ ಹೆದ್ದಾರಿ ಪ್ರಾಧಿಕಾರದ ಕರ್ತವ್ಯ.

ಮುಖ್ಯ ಮಾರ್ಗದಲ್ಲಿ ಹೋಗುವವರಿಗೂ ಒಂದು ಮಾತು. ಕಾನೂನು ಸೇರುವವನಿಗೆ ದಾರಿ ಬಿಡೆಂದು ಹೇಳುತ್ತದೆಯೇ ಹೊರತು, ನಿಮಗೆ ಡಿಕ್ಕಿ ಹೊಡೆಯುವ ಸನ್ನದನ್ನು ಬರೆದುಕೊಟ್ಟಿಲ್ಲ. ಸೇರುವವನನ್ನು ಕಂಡು ವೇಗವನ್ನು ಹೆಚ್ಚಿಸಿ ಅಡ್ಡಗಟ್ಟುವುದು ಪೌರುಷವಲ್ಲ. ಬಲಗಡೆಯ ಪಥವು ತೆರವಾಗಿದ್ದರೆ ಅತ್ತ ಸರಿಯುವುದು, ಇಲ್ಲದಿದ್ದರೆ ವೇಗವನ್ನು ತುಸು ತಗ್ಗಿಸುವುದು ವಿವೇಕಿಯ ಲಕ್ಷಣ. ಹೆದ್ದಾರಿಯು ಸಾರ್ವಜನಿಕರ ಸ್ವತ್ತು. ಅದರ ಮೇಲೆ ಸಾಗುತ್ತಿರುವವನಂತೆಯೇ ಅದರ ಅಂಚಿನಲ್ಲಿ ಕಾದು ನಿಂತವನೂ ಅದಕ್ಕೆ ತೆರಿಗೆ ತೆತ್ತವನೆಂಬುದನ್ನು ಯಾರೂ ಮರೆಯಲಾಗದು.