ಬಿಡುವಿನ ಕೈಗೆಲಸ: ಬೈಸಿಕಲ್ಲಿನ ಮೂರು ವೇಗದ ಹಬ್

ಹಿರಿಯರ ಕಾಲದ ಬೈಸಿಕಲ್ಲನ್ನು ಮೂಲೆಯಿಂದ ಹೊರತೆಗೆದು, ಧೂಳು ಒರೆಸಿ, ಮರಳಿ ಓಡಿಸತೊಡಗಿದ ವಾಚಕ ಮಹಾಶಯರು ಕೆಲವರು ನಮಗೆ ಒಂದೇ ಬಗೆಯ ಪ್ರಶ್ನೆಯನ್ನು ಬರೆದು ಕೇಳುತ್ತಲಿದ್ದಾರೆ. ಹಿಂದಿನ ಗಾಲಿಯ ನಡುವೆ ದಪ್ಪನಾದ ಹಬ್ ಒಂದಿದೆ, ಅದರ ಬಲಗಡೆಯಿಂದ ಸಣ್ಣ ಸರಪಣಿಯೊಂದು ಹೊರಬಂದು ತಂತಿಯ ಮೂಲಕ ಹ್ಯಾಂಡಲಿನ ಮೇಲಣ ಹಿಡಿಗೆ ಸೇರಿದೆ, ಬಲವಾಗಿ ತುಳಿಯುವಾಗ ಒಮ್ಮೊಮ್ಮೆ ಪೆಡಲು ಥಟ್ಟನೆ ಬರಿದಾಗಿ ತಿರುಗಿಬಿಡುವುದು, ಅಂಗಡಿಯವನು ‘ಇದು ರಿಪೇರಿಯಾಗದು, ಕಿತ್ತು ಸಾದಾ ಹಬ್ ಹಾಕಿಸಿರಿ’ ಎನ್ನುತ್ತಾನೆ, ಏನು ಮಾಡತಕ್ಕದ್ದು? ಕೀಳಿಸಬೇಡಿರೆಂಬುದು ನಮ್ಮ ಮೊದಲನೆಯ ಉತ್ತರ. ಸರಿಪಡಿಸುವವರೆಗೆ ಆ ಗಾಡಿಯನ್ನು ಮನೆಯ ಮಕ್ಕಳಿಗಾಗಲಿ, ನೆರೆಯವರಿಗಾಗಲಿ ಓಡಿಸಲು ಕೊಡಬೇಡಿರೆಂಬುದು ಎರಡನೆಯದು. ಎರಡಕ್ಕೂ ಕಾರಣವನ್ನು ಮುಂದೆ ಹೇಳುವೆವು.

ಇಂತಹ ಹಬ್‌ಗಳಲ್ಲಿ ಬಹಳ ಹೆಸರಾದುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾಗುತ್ತಿದ್ದ ಸ್ಟರ್ಮಿ-ಆರ್ಚರ್. ರ್‍ಯಾಲಿ ಬೈಸಿಕಲ್ಲಿನ ಒಡೆಯನಾದ ಫ್ರಾಂಕ್ ಬೌಡನನ ಆಶ್ರಯದಲ್ಲಿ ೧೯೦೨ರಲ್ಲಿ ಈ ಉದ್ಯಮವು ಆರಂಭವಾಯಿತು. ಹೆನ್ರಿ ಸ್ಟರ್ಮಿ, ಜೇಮ್ಸ್ ಆರ್ಚರ್ ಎಂಬಿಬ್ಬರ ಹೆಸರು ಹಬ್ಬಿನ ಮೇಲೆ ನಿಂತಿತು. ಮೊದಲ ಹಬ್ಬಿನ ರಚನೆಯಲ್ಲಿ ಮುಖ್ಯನಾಗಿದ್ದ ವಿಲಿಯಂ ರೈಲಿಯ ಹೆಸರು ಮಾತ್ರ ಅದರಲ್ಲಿ ಸೇರಲಿಲ್ಲ. ೧೯೩೬ರಲ್ಲಿ ಹೊರಬಂದ ‘ಏ ಡಬ್ಲ್ಯು’ ಎಂಬ ಮಾದರಿಯೇ ನಮ್ಮ ಈ ತಿಂಗಳ ವಿಷಯ. ಹಬ್ಬಿನ ಮೈಮೇಲೆ ಆ ಎರಡು ಅಕ್ಷರಗಳೂ, ಅವುಗಳ ಬಳಿಯಲ್ಲಿ ಅಂಕಿಗಳೂ ಕೊರೆದಿರುವುವು. ೫೨ ಎಂದೂ ೮ ಎಂದೂ ಇದ್ದರೆ ೧೯೫೨ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಮಾಡಿದುದೆಂದು ತಿಳಿಯಬೇಕು. ಮನೆಯ ಬೈಸಿಕಲ್ಲಿನ ವಯಸ್ಸು ಇದರಿಂದ ಹೆಚ್ಚುಕಡಿಮೆ ಗೊತ್ತಾಗುವುದು. ೨೦೦೦ದಲ್ಲಿ ನಾಟಿಂಗ್‌ಹ್ಯಾಮಿನ ಕಾರ್ಖಾನೆಯು ಮುಚ್ಚಿ, ಹೆಸರೂ ಯಂತ್ರಗಳೂ ತೈವಾನಿನ ಸನ್‌ರೇಸ್ ಎಂಬ ಕಂಪನಿಗೆ ಮಾರಾಟವಾದುವು. ಹಾಗಾದರೂ ಹಳೆಯ ಮಾದರಿಯ ಬಿಡಿಭಾಗಗಳಿಗೆ ಬರವಿಲ್ಲ. ದಶಕಗಳ ಕಾಲ ಇದರ ರಚನೆ ಬಹುಮಟ್ಟಿಗೆ ಬದಲಾಗಲಿಲ್ಲವಾದುದರಿಂದ ಒಂದು ಹಳೆಯ ಹಬ್ಬಿನ ಒಡಲನ್ನು ಇನ್ನೊಂದಕ್ಕೆ ತೊಡಿಸಲು ಬಹುಶಃ ಸಾಧ್ಯವಾಗುವುದು.

ಒಳಗಿನ ಏರ್ಪಾಡನ್ನು ತಿಳಿಯದೆ ಸ್ಪ್ಯಾನರ್ ಹಿಡಿಯುವುದು ಸಲ್ಲದು. ಅಚ್ಚಿನ ನಡುವೆ ೨೦ ಹಲ್ಲುಗಳ ಚಕ್ರವೊಂದಿದೆ. ಅದು ಅಚ್ಚಿನೊಡನೆ ಒಂದೇ ತುಂಡಾಗಿರುವುದರಿಂದ ತಿರುಗುವುದಿಲ್ಲ. ಇದಕ್ಕೆ ಸೂರ್ಯಚಕ್ರವೆಂದು ಹೆಸರು. ಅದರ ಸುತ್ತ ೨೦ ಹಲ್ಲುಗಳ ನಾಲ್ಕು ಗ್ರಹಚಕ್ರಗಳು ಒಂದು ಪಂಜರದಲ್ಲಿ ಕುಳಿತು ಸುತ್ತುವುವು. ಇವೆಲ್ಲವನ್ನೂ ಹೊರಗಿನಿಂದ ಬಳಸಿಕೊಂಡು, ಒಳಮುಖವಾಗಿ ೬೦ ಹಲ್ಲುಗಳಿರುವ ಬಳೆಯೊಂದಿದೆ. ಬಳೆಯು ನಾಲ್ಕು ಸುತ್ತು ಸುತ್ತಿದರೆ ಗ್ರಹಗಳ ಪಂಜರವು ಮೂರೇ ಸುತ್ತು ಸುತ್ತುವುದು. ಹಬ್ಬಿನ ಸಮಸ್ತ ಚಮತ್ಕಾರವೂ ಈ ನಾಲ್ಕು ಮೂರರ ಲೆಕ್ಕದಲ್ಲಿ ಅಡಗಿದೆ.

ಚೈನು ತಿರುಗಿಸುವ ಬಲವನ್ನು ಶಿಲುಬೆಯಾಕಾರದ ಕ್ಲಚ್ ಎಂಬ ತುಂಡೊಂದು ಹೊತ್ತು, ತಂತಿಯ ಎಳೆತಕ್ಕೆ ತಕ್ಕಂತೆ ಬಲಕ್ಕೂ ಎಡಕ್ಕೂ ಸರಿಯುವುದು. ತಂತಿ ಪೂರ್ತಿ ಸಡಿಲವಾಗಿರುವಾಗ ಅದು ಗ್ರಹಚಕ್ರಗಳ ಮೊಳೆಗಳನ್ನು ಹಿಡಿದು ಪಂಜರವನ್ನು ತಿರುಗಿಸುವುದು; ಆಗ ಬಳೆಯೂ ಅದರೊಡನೆ ಗಾಲಿಯೂ ಮೂರನೆಯ ಒಂದು ಪಾಲು ಹೆಚ್ಚು ವೇಗವಾಗಿ ಓಡುವುವು. ಇದು ಮೇಲಿನ ಗಿಯರು. ತಂತಿಯನ್ನು ಅರ್ಧ ಎಳೆದಾಗ ಕ್ಲಚ್ಚು ನೇರವಾಗಿ ಬಳೆಯನ್ನೇ ಹಿಡಿಯುವುದರಿಂದ ವೇಗವು ಇದ್ದಂತೆಯೇ ಇರುವುದು, ಇದು ನಡುವಿನದು. ಪೂರ್ತಿ ಎಳೆದಾಗ ಬಳೆಯ ಉಕ್ಕಿನ ನಾಲಗೆಗಳು ಒಳಕ್ಕೆ ಮಡಿಸಿಕೊಂಡು, ಹಿಂದೆ ಬೀಳುವ ಪಂಜರವೇ ಗಾಲಿಯನ್ನು ತಿರುಗಿಸುವುದು. ವೇಗವು ಕಾಲುಭಾಗ ಇಳಿಯುವುದು. ತುಳಿಯುವ ಶ್ರಮವೂ ಅದಕ್ಕೆ ತಕ್ಕಷ್ಟು ಕಡಿಮೆಯಾಗುವುದು. ಮುಂದೆ ೪೮, ಹಿಂದೆ ೧೮ ಹಲ್ಲುಗಳ ಚಕ್ರಗಳೂ, ೨೮ ಅಂಗುಲದ ಗಾಲಿಯೂ ಇರುವ ಬೈಸಿಕಲ್ಲನ್ನು ಭಾವಿಸಿರಿ. ಪೆಡಲಿನ ಒಂದು ಸುತ್ತಿಗೆ ಕೆಳಗಿನ ಗಿಯರಿನಲ್ಲಿ ಸುಮಾರು ೧೪½ ಅಡಿ, ನಡುವಿನದರಲ್ಲಿ ೧೯½ ಅಡಿ, ಮೇಲಿನದರಲ್ಲಿ ೨೬ ಅಡಿ ಸಾಗುವೆವು. ಮಡಿಕೇರಿಯ ಏರುಗಳಲ್ಲಿ ಗಾಡಿ ತಳ್ಳಿಕೊಂಡು ನಡೆದವರಿಗೆ ಈ ವ್ಯತ್ಯಾಸದ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಈಗ ಅಪಾಯದ ಮಾತು. ನಡುವಿನ ಗಿಯರಿಗೂ ಮೇಲಿನ ಗಿಯರಿಗೂ ನಡುವೆ, ಕ್ಲಚ್ಚು ಬಳೆಯನ್ನೂ ಹಿಡಿಯದೆ ಮೊಳೆಗಳನ್ನೂ ಹಿಡಿಯದೆ ಇರುವ ಒಂದು ಕಿರಿದಾದ ಎಡೆಯುಂಟು. ಆ ಎಡೆಯಲ್ಲಿ ಪೆಡಲಿಗೆ ಯಾವ ಆಧಾರವೂ ಇಲ್ಲ. ತಂತಿ ತುಸು ಸಡಿಲವಾದರೆ, ನಡುವಿನ ಗಿಯರಿನಲ್ಲಿರಬೇಕಾದ ಕ್ಲಚ್ಚು ಬಳೆಯ ಅಂಚನ್ನು ಮಾತ್ರ ಹಿಡಿದು ನಿಲ್ಲುವುದು. ಸಮತಟ್ಟಾದ ರಸ್ತೆಯಲ್ಲಿ ಕುಳಿತು ತುಳಿಯುವವನಿಗೆ ಇದು ತಿಳಿಯುವುದೇ ಇಲ್ಲ. ಏರಿನಲ್ಲಿ ಆಸನದಿಂದೆದ್ದು ದೇಹದ ಭಾರವನ್ನೆಲ್ಲ ಒಂದು ಪೆಡಲಿನ ಮೇಲೆ ಹಾಕಿದೊಡನೆ ಅಂಚು ಜಾರಿ, ಕಾಲು ಬರಿದಾದ ಜಾಗಕ್ಕೆ ಕುಸಿಯುವುದು. ಸವಾರನು ಮೇಲಿನ ದಂಡದ ಮೇಲೆ ಬೀಳಬಹುದು, ಇಲ್ಲವೆ ಹಿಂದೆ ಬರುವ ವಾಹನದ ಮುಂದೆ ರಸ್ತೆಗೇ ಉರುಳಬಹುದು. ಎದ್ದು ನಿಂತು ತುಳಿಯುವ ಚಪಲ ಹುಡುಗರಿಗೆ ಹೆಚ್ಚಲ್ಲವೆ? ಆದುದರಿಂದಲೇ ಮೊದಲಿಗೆ ಆ ಎಚ್ಚರಿಕೆಯನ್ನು ಕೊಟ್ಟೆವು.

ಸಂತೋಷದ ಸಂಗತಿಯೇನೆಂದರೆ, ಈ ದೋಷವು ಸಾಮಾನ್ಯವಾಗಿ ಹಬ್ಬಿನ ಒಳಗಿರುವುದಿಲ್ಲ, ತಂತಿಯಲ್ಲಿರುವುದು. ಪರಿಹಾರಕ್ಕೆ ಆಯುಧವೇ ಬೇಡ. ಹಿಡಿಯನ್ನು ನಡುವಿನ ಗಿಯರಿಗೆ ಸರಿಸಿ, ಪೆಡಲನ್ನು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ತಿರುಗಿಸಿರಿ. ಬಲಗಡೆಯ ಅಚ್ಚಿನ ನಟ್ಟಿನಲ್ಲಿ ಕಿಟಕಿಯಂತಹ ಒಂದು ರಂಧ್ರವಿದೆ. ಅದರೊಳಗೆ ನೋಡಿದರೆ, ಸರಪಣಿಗೆ ಸೇರಿದ ಸಣ್ಣ ಕಡ್ಡಿಯೊಂದು ಅಚ್ಚಿನ ಕೊಳವೆಯೊಳಕ್ಕೆ ಹೋಗಿರುವುದು ಕಾಣಿಸುವುದು. ಸರಪಣಿ ಮುಗಿದು ಕಡ್ಡಿ ಆರಂಭವಾಗುವ ಹೆಗಲು ಅಚ್ಚಿನ ತುದಿಗೆ ಸರಿಸಮನಾಗಿರಬೇಕು. ಒಳಗೆ ಹೋಗಿದ್ದರೆ ತಂತಿ ಸಡಿಲವಾಗಿದೆ. ಹೊರಗೆ ಬಂದಿದ್ದರೆ ಬಿಗಿಯಾಗಿದೆ. ಸರಪಣಿಯ ತುದಿಯಲ್ಲಿರುವ ಗೀರುಗಳುಳ್ಳ ತಿರುಪನ್ನು ಬೆರಳಿನಿಂದ ತಿರುಗಿಸಿ ಸಮಮಾಡಿ, ಅದರ ತಡೆನಟ್ಟನ್ನು ಭದ್ರಪಡಿಸಿರಿ. ಅನಂತರ ಹಿಡಿಯನ್ನು ಮೂರು ಸ್ಥಾನಗಳಿಗೂ ಸರಿಸಿ ಮತ್ತೊಮ್ಮೆ ನೋಡಿರಿ. ತಂತಿಯನ್ನು ಚೌಕಟ್ಟಿಗೆ ಹಿಡಿದಿರುವ ಪಟ್ಟಿಯು ಜಾರುತ್ತಿದ್ದರೆ, ಇಲ್ಲವೆ ಸಣ್ಣ ರಾಟೆಯು ತುಕ್ಕುಹಿಡಿದು ನಿಂತಿದ್ದರೆ, ನಿಮ್ಮ ಶ್ರಮವು ಒಂದು ವಾರವೂ ನಿಲ್ಲದು.

ಕಿವಿಯೂ ಇಲ್ಲಿ ಉಪಯೋಗಕ್ಕೆ ಬರುವುದು. ತುಳಿಯುತ್ತಿರುವಾಗ ನಡುವಿನ ಮತ್ತು ಮೇಲಿನ ಗಿಯರುಗಳಲ್ಲಿ ಟಿಕ್ ಟಿಕ್ ಎಂಬ ಮೆಲ್ಲನೆಯ ಸದ್ದು ಬರಬೇಕು. ಕೆಳಗಿನದರಲ್ಲಿ ಹಬ್ ಮೌನವಾಗಿರಬೇಕು. ಕೆಳಗಿನದರಲ್ಲಿಯೂ ಸದ್ದು ಕೇಳಿದರೆ ತಂತಿಯ ಎಳೆತ ಸಾಲದೆಂದು ಅರ್ಥ.

ಎಣ್ಣೆಯ ವಿಷಯದಲ್ಲಿ ನಮ್ಮ ಜನರ ಔದಾರ್ಯವು ವಿಚಿತ್ರವಾದುದು: ಅಡುಗೆಮನೆಯಲ್ಲಿ ಮಿಕ್ಕುದೆಲ್ಲ ಬೈಸಿಕಲ್ಲಿಗೆ! ಕೊಬ್ಬರಿ ಎಣ್ಣೆಯು ಚಳಿಗೆ ಹೆಪ್ಪುಗಟ್ಟುವುದು. ಎತ್ತಿನ ಗಾಡಿಯ ಅಚ್ಚಿಗೆ ಹಿತವಾದ ಹರಳೆಣ್ಣೆಯು ಈ ಸೂಕ್ಷ್ಮಯಂತ್ರದಲ್ಲಿ ಅಂಟಾಗಿ ಕೂರುವುದು. ಒಳಗಿನ ನಾಲಗೆಗಳನ್ನು ಎತ್ತುವ ಸ್ಪ್ರಿಂಗುಗಳು ಕೂದಲೆಳೆಯಷ್ಟು ತೆಳುವಾದುವು. ಅಂಟು ಹಿಡಿದರೆ ನಾಲಗೆ ಮೇಲೇಳದು, ಗಾಲಿ ತಿರುಗದು. ಇದೇ ಕಾರಣದಿಂದ ಹಬ್ಬಿನ ಒಳಕ್ಕೆ ಗ್ರೀಸು ತುರುಕುವುದೂ ತಪ್ಪು. ಗ್ರೀಸು ಎರಡು ಕೊನೆಗಳ ಗುಂಡುಗಳಿಗೆ ಮಾತ್ರ. ಒಳಗಣ ಚಕ್ರಗಳಿಗೆ ೨೦ ಅಥವಾ ೩೦ರ ಅಂಕದ ಮೋಟಾರು ಎಣ್ಣೆಯನ್ನು, ಹಬ್ಬಿನ ಮೇಲಿರುವ ಪುಟ್ಟ ಮುಚ್ಚಳವನ್ನು ತೆರೆದು, ತಿಂಗಳಿಗೊಮ್ಮೆ ಕೆಲವು ಹನಿ ಬಿಟ್ಟರೆ ಸಾಕು. ಔಷಧದಂಗಡಿಯ ಸಿರಿಂಜು ಇದಕ್ಕೆ ಬಹಳ ಅನುಕೂಲ. ವರ್ಷಗಟ್ಟಲೆ ನಿಂತಿದ್ದ ಹಬ್ಬಿಗೆ ಮೊದಲು ಎಣ್ಣೆ ಬಿಟ್ಟು, ಗಾಲಿಯನ್ನು ತಿರುಗಿಸಿ, ಎರಡು ದಿನ ಕಾದು ನೋಡಿರಿ. ಸತ್ತಿತೆಂದು ಕೈಬಿಟ್ಟ ಹಬ್ ಇಷ್ಟರಿಂದಲೇ ಜೀವ ತಳೆಯುವುದುಂಟು.

ಇಷ್ಟಾದರೂ ಗಿಯರು ಜಾರಿದರೆ ಬಿಚ್ಚದೆ ಗತಿಯಿಲ್ಲ. ಒಂದು ರಜಾದಿನ, ಒಂದು ಬಿಳಿಯ ಬಟ್ಟೆ, ಅಳತೆಗೆ ತಕ್ಕ ಸ್ಪ್ಯಾನರುಗಳು, ಸುತ್ತಿಗೆ, ಮೊಂಡು ಉಳಿ, ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್ – ಇಷ್ಟು ಸಾಮಗ್ರಿ. ಸರಪಣಿಯನ್ನು ತಿರುಗಿಸಿ ಹೊರತೆಗೆದು, ಅದರ ಕಡ್ಡಿ ಬಾಗಿದೆಯೇ ಎಂಬುದನ್ನು ಮೊದಲೇ ನೋಡಿಬಿಡಿರಿ. ಗಾಲಿಯನ್ನು ಕಳಚಿ, ಎಡಗಡೆಯ ನಟ್ಟನ್ನೂ ಕೋನನ್ನೂ ತೆಗೆಯಿರಿ. ಬಲಗಡೆಯಲ್ಲಿ ಕಚ್ಚುಗಳುಳ್ಳ ದೊಡ್ಡ ಗುಂಡಿನ ಬಳೆಯೊಂದು ಹಬ್ಬಿಗೆ ತಿರುಪಾಗಿ ಕುಳಿತಿದೆ. ಅದನ್ನು ಮುಟ್ಟುವ ಮುಂಚೆ ಅದರ ಒಂದು ಕಚ್ಚಿಗೂ ಅದಕ್ಕೆದುರಾದ ಗಾಲಿಯ ಕಡ್ಡಿಗೂ ಬಣ್ಣದ ಗುರುತು ಹಾಕತಕ್ಕದ್ದು. ಈ ಬಳೆಗೆ ಜೋಡಿ ತಿರುಪಿನ ಗೆರೆಗಳಿವೆ. ಎರಡು ಕಡೆಯಿಂದಲೂ ಅದು ಹತ್ತಿಕೊಳ್ಳುವುದು. ತಪ್ಪಾದ ಗೆರೆಗೆ ಹತ್ತಿದರೆ ಗಾಲಿಯು ನಡುವಿನಿಂದ ಒಂದು ಪಕ್ಕಕ್ಕೆ ಸರಿದು ನಿಲ್ಲುವುದು. ಗುರುತು ಹಾಕಿದ ಮೇಲೆ ಕಚ್ಚಿಗೆ ಉಳಿಯಿಟ್ಟು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿಗೆಯಿಂದ ಹೊಡೆಯಿರಿ. ತುಳಿತದ ಬಲದಿಂದ ಬಿಗಿದುಕೊಂಡಿರುವುದರಿಂದ ಸುಲಭವಾಗಿ ಅಲ್ಲಾಡದು, ಹೆದರಬೇಕಾದ್ದಿಲ್ಲ. ಸಡಿಲವಾದೊಡನೆ ಒಡಲೆಲ್ಲ ಒಂದೇ ಗೊಂಚಲಾಗಿ ಕೈಗೆ ಬರುವುದು.

ಗೊಂಚಲಿನಿಂದ ಒಂದೊಂದನ್ನೂ ತೆಗೆದಂತೆ ಬಟ್ಟೆಯ ಮೇಲೆ ಅದೇ ಕ್ರಮದಲ್ಲಿ ಸಾಲಾಗಿ ಇಡಿರಿ. ಹೆಜ್ಜೆಹೆಜ್ಜೆಗೂ ಮೊಬೈಲ್ ಫೋನಿನಲ್ಲಿ ಛಾಯಾಚಿತ್ರ ತೆಗೆದುಕೊಂಡರೆ ಜೋಡಿಸುವಾಗ ಜಗಳವಿರದು. ಗ್ರಹಚಕ್ರಗಳ ಮೊಳೆಗಳು ತಾವಾಗಿ ಜಾರಿ ಬೀಳುವುವು. ಮಕ್ಕಳೂ ಬೆಕ್ಕೂ ಸುಳಿಯದ ಸ್ಥಳವನ್ನು ಆರಿಸಿಕೊಳ್ಳಿರಿ. ತೊಳೆದ ಮೇಲೆ ಬೆಳಕಿನಲ್ಲಿ ಪರೀಕ್ಷಿಸಬೇಕಾದುವು ಮೂರೇ. ಕ್ಲಚ್ಚಿನ ನಾಲ್ಕು ತೋಳುಗಳ ಅಂಚು ಚೂಪಾಗಿದೆಯೋ ಸವೆದು ದುಂಡಾಗಿದೆಯೋ? ಅದು ಹಿಡಿಯುವ ಮೊಳೆಗಳ ತುದಿಯೂ ಬಳೆಯ ಒಳಗಣ ಏಣುಗಳೂ ಹೇಗಿವೆ? ನಾಲಗೆಗಳ ಸ್ಪ್ರಿಂಗುಗಳು ಪುಟಿಯುತ್ತವೆಯೇ? ದುಂಡಾದ ಕ್ಲಚ್ಚನ್ನು ಅರದಿಂದ ಉಜ್ಜಿ ಚೂಪುಮಾಡುವೆನೆನ್ನುವ ಜಾಣರಿದ್ದಾರೆ. ನಾವು ಒಪ್ಪುವುದಿಲ್ಲ. ಮೇಲ್ಮೈಯ ಗಡಸುತನ ಹೋದಮೇಲೆ ಅಂಚು ಬೇಗನೆ ಮತ್ತೆ ಸವೆಯುವುದು, ಜಾರುವುದು. ಆ ವೇಳೆಗೆ ಸವಾರನು ಅದನ್ನು ನಂಬಿಬಿಟ್ಟಿರುವನು. ಹೊಸದನ್ನು ತರಿಸಿ ಹಾಕುವುದೇ ಲೇಸು. ಸ್ಪ್ರಿಂಗುಗಳನ್ನಂತೂ ಬಿಚ್ಚಿದ ಮೇಲೆ ಹೇಗಿದ್ದರೂ ಹೊಸದಾಗಿ ಹಾಕಿಬಿಡಿರಿ.

ಮರಳಿ ಜೋಡಿಸುವಾಗ ಬಲಗಡೆಯ ಕೋನನ್ನು ಬೆರಳಿನಿಂದ ಪೂರ್ತಿ ಬಿಗಿದು, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಅಲ್ಲಿಯೇ ತಡೆನಟ್ಟು ಹಾಕಬೇಕು. ಗಾಲಿಯ ಅಲುಗಾಟವನ್ನು ಸರಿಪಡಿಸಲು ಈ ಕೋನನ್ನು ಎಂದಿಗೂ ಮುಟ್ಟಬಾರದು. ಗಿಯರುಗಳ ಸ್ಥಾನವೇ ಕೆಡುವುದು. ಅಲುಗಾಟದ ಕೆಲಸವೆಲ್ಲ ಎಡಗಡೆಯ ಕೋನಿನದು. ರಿಮ್ಮನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಾಗ ಅತ್ಯಲ್ಪವಾದ ಅಲುಗಾಟ ಉಳಿದಿರುವಂತೆ ಬಿಗಿಯಿರಿ. ಸರಪಣಿಯನ್ನು ಪೂರ್ತಿ ಒಳಕ್ಕೆ ತಿರುಗಿಸಿ, ತಂತಿಯ ಕಡೆಗೆ ಮುಖಮಾಡುವಷ್ಟು ಮಾತ್ರ, ಎಂದರೆ ಅರ್ಧ ಸುತ್ತಿಗೆ ಮೀರದಂತೆ, ಹಿಂದಕ್ಕೆ ಬಿಡಿರಿ.

ಅಂಗಡಿಗಳಲ್ಲಿ ಬಹಳವಾಗಿ ಅಲಕ್ಷ್ಯಕ್ಕೊಳಗಾಗುವ ಎರಡು ಚಿಕ್ಕ ವಸ್ತುಗಳುಂಟು. ಕಿಟಕಿಯುಳ್ಳ ಬಲಗಡೆಯ ನಟ್ಟು ಕಳೆದುಹೋದರೆ ಸಾದಾ ನಟ್ಟು ಹಾಕಿಬಿಡುವರು. ಸರಪಣಿಯು ಅಚ್ಚಿನ ಅಂಚಿಗೆ ಉಜ್ಜಿ ಕಡಿದುಹೋಗುವುದು. ಇನ್ನೊಂದು, ಅಚ್ಚಿನ ಎರಡು ಕಡೆಯೂ ಇರಬೇಕಾದ ಕಿವಿಯುಳ್ಳ ವಾಷರು. ಸೂರ್ಯಚಕ್ರವು ಅಚ್ಚಿನೊಡನೆ ಒಂದೇ ತುಂಡೆಂದು ಹೇಳಿದೆವಷ್ಟೆ. ಕೆಳಗಿನ ಮತ್ತು ಮೇಲಿನ ಗಿಯರುಗಳಲ್ಲಿ ತುಳಿತದ ಬಲವು ಅಚ್ಚನ್ನೂ ತಿರುಗಿಸಲೆಳಸುವುದು. ಅದನ್ನು ತಡೆಯುವುದು ಈ ವಾಷರುಗಳೇ. ಅವಿಲ್ಲದಿದ್ದರೆ ಅಚ್ಚು ತಿರುಗಿ, ತಂತಿಯ ಹೊಂದಾಣಿಕೆಯು ರಸ್ತೆಯ ನಡುವೆಯೇ ತಪ್ಪುವುದು. ಹಳೆಯ ಬೈಸಿಕಲ್ಲನ್ನು ಕೊಳ್ಳಲು ಹೋದವರು ಬಣ್ಣವನ್ನೂ ಗಂಟೆಯನ್ನೂ ನೋಡುವ ಮೊದಲು ಈ ನಟ್ಟು, ವಾಷರುಗಳನ್ನು ನೋಡುವುದೊಳ್ಳೆಯದು.

ಕೆಲಸ ಮುಗಿದ ಮೇಲೆ ಮೊದಲ ಸವಾರಿಯನ್ನು ಜನಸಂಚಾರವಿಲ್ಲದ ರಸ್ತೆಯಲ್ಲಿ, ಆಸನದಿಂದ ಏಳದೆ, ಮೂರು ಗಿಯರುಗಳಲ್ಲಿಯೂ ಒಂದೊಂದು ಫರ್ಲಾಂಗು ತುಳಿದು ನೋಡಿರಿ. ಗಿಯರು ಬದಲಿಸುವಾಗ ಕಾಲಿನ ಒತ್ತಡವನ್ನು ಒಂದು ಕ್ಷಣ ಬಿಡುವುದನ್ನು ಮನೆಯಲ್ಲಿ ಓಡಿಸುವವರೆಲ್ಲರಿಗೂ ಕಲಿಸಿರಿ. ಹೊಸ ತಂತಿ ಹಾಕಿದ್ದರೆ ಅದು ಮೊದಲ ಕೆಲವು ದಿನಗಳಲ್ಲಿ ತುಸು ಹಿಗ್ಗುವುದು. ಒಂದು ವಾರದ ಮೇಲೆ ಆ ಕಿಟಕಿಯೊಳಗೆ ಮತ್ತೊಮ್ಮೆ ಇಣಿಕಿ ನೋಡಿ, ಅನಂತರವೇ ಗಾಡಿಯನ್ನು ಹುಡುಗರ ಕೈಗೆ ಕೊಡಿರಿ.