ಹಳೇ ಬ್ಯಾಟ್ರಿ ಎಸೀಬೇಡಿ, ಬಲ್ಬು ಬದಲಿಸಿ

ನಮ್ಮ ಕಡೆ ಟಾರ್ಚನ್ನು ಟಾರ್ಚು ಅನ್ನುವವರು ಕಡಿಮೆ. ಅದು ಬ್ಯಾಟ್ರಿ, ಒಳಗೆ ಹಾಕುವುದು ಸೆಲ್ಲು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಾಗಲಿ ಸುತ್ತಮುತ್ತಲ ಊರುಗಳಾಗಲಿ, ಹಳೇ ಮನೆಗಳ ಅಟ್ಟ ಹುಡುಕಿದರೆ ಎರಡು ಸೆಲ್ಲಿನದೋ ಮೂರು ಸೆಲ್ಲಿನದೋ ಒಂದು ತಗಡಿನ ಬ್ಯಾಟ್ರಿ ಸಿಕ್ಕೀತು. ಪಕ್ಕದಲ್ಲೇ ಕೆಟ್ಟು ಕೂತ ಪ್ಲಾಸ್ಟಿಕ್ ಚಾರ್ಜಿಂಗ್ ಬ್ಯಾಟ್ರಿಗಳೂ ಇದ್ದಾವು. ನಾವು ಹೇಳಬೇಕೆಂದಿರುವುದು ಇಷ್ಟೇ: ಪ್ಲಾಸ್ಟಿಕ್‌ನದನ್ನು ಮತ್ತೆ ಮತ್ತೆ ಕೊಳ್ಳುವ ಬದಲು, ಆ ತಗಡಿನದಕ್ಕೆ ಎಲ್‌ಇಡಿ ಹಾಕಿಸಿ.

ಇದೇನು ದೊಡ್ಡ ವಿಷಯವಾ ಅಂತ ಕೇಳಬಹುದು. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಮೋಟಾರು ಹಾಕಲು ಹೋಗುವವರಿಗೆ ಇದು ದೊಡ್ಡ ವಿಷಯವೇ. ಬದುವಿನ ಮೇಲೆ, ತೆಂಗಿನ ಗರಿಗಳ ನಡುವೆ ಕಾಲಿಡುವ ಮುಂಚೆ ನೆಲ ಕಾಣಬೇಕು. ಕೊಳಕುಮಂಡಲ, ಕಟ್ಟುಹಾವು ಹೆಚ್ಚಾಗಿ ರಾತ್ರಿಯೇ ಓಡಾಡುತ್ತವೆ. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂಬುದು ಸಂಶೋಧಕರ ಅಂದಾಜು. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಸರ್ಕಾರವೇ ಇಷ್ಟು ಗಂಭೀರವಾಗಿ ತೆಗೆದುಕೊಂಡಿರುವಾಗ ಕೈಯಲ್ಲಿರುವ ಬೆಳಕನ್ನು ನಾವು ಹಗುರವಾಗಿ ನೋಡುವುದು ಸರಿಯಲ್ಲ.

ಮೊಬೈಲಲ್ಲೇ ಟಾರ್ಚ್ ಇದೆಯಲ್ಲ ಅನ್ನುತ್ತೀರಿ. ಇದೆ. ಆದರೆ ಮಳೆಯಲ್ಲಿ, ಕೆಸರು ಕೈಯಲ್ಲಿ ಅದನ್ನು ಹಿಡಿದು ನಡೆಯುವುದು ಕಷ್ಟ. ಅದಕ್ಕಿಂತ ಮುಖ್ಯ, ಬೆಳಕಿಗೆಂದೇ ಚಾರ್ಜು ಮುಗಿಸಿಕೊಂಡರೆ ಏನಾದರೂ ಆದಾಗ ಮನೆಗೆ, 108ಕ್ಕೆ ಫೋನ್ ಮಾಡುವುದು ಯಾವುದರಿಂದ?

ಇನ್ನು ಸಂತೆಯಲ್ಲಿ ಸಿಗುವ ಅಗ್ಗದ ಚಾರ್ಜಿಂಗ್ ಬ್ಯಾಟ್ರಿ. ಅದರ ಎಲ್‌ಇಡಿ ಸಾಮಾನ್ಯವಾಗಿ ಕೆಡುವುದಿಲ್ಲ, ಕೆಡುವುದು ಒಳಗಿನ ಪುಟ್ಟ ಬ್ಯಾಟರಿ. ಇಂಥ ಬಹಳಷ್ಟರಲ್ಲಿ ಇರುವುದು 4 ವೋಲ್ಟಿನ ಸೀಸದ ಬ್ಯಾಟರಿ. ಚಾರ್ಜು ಪೂರ್ತಿ ಇಳಿಸಿ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದು ಮತ್ತೆ ಚಾರ್ಜು ಹಿಡಿಯುವುದಿಲ್ಲ. ಬಿಚ್ಚಿ ಬದಲಿಸೋಣ ಅಂದರೆ ಎಷ್ಟೋ ಮಾಡೆಲ್‌ಗಳಲ್ಲಿ ಗೋಂದು ಹಾಕಿ ಮುಚ್ಚಿರುತ್ತಾರೆ. ನಾವು ಕೊಂಡ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಿಂತಿತು. ಅಂಗಡಿಯವರು ಹೇಳಿದ್ದು, ‘ಇದಕ್ಕೆ ರಿಪೇರಿ ಇಲ್ಲ, ಹೊಸದು ತಗೊಳ್ಳಿ’. ಹಳೆಯದು ತಿಪ್ಪೆಗೆ ಹೋಗುತ್ತದೆ, ಅದರೊಳಗಿನ ಸೀಸ ತಿಪ್ಪೆಯಿಂದ ಗೊಬ್ಬರದ ಜೊತೆ ಹೊಲಕ್ಕೆ.

ತಗಡಿನ ಬ್ಯಾಟ್ರಿಗೆ ಇದ್ದ ತೊಂದರೆ ಒಂದೇ, ಸೆಲ್ಲು ತಿನ್ನುವುದು. ಅದರ ತಂತಿಯ ಬಲ್ಬು ಸಾಮಾನ್ಯವಾಗಿ 300 ಮಿಲಿಆಂಪಿಯರ್ ಕರೆಂಟು ಎಳೆಯುತ್ತದೆ. ಅದರಲ್ಲಿ ಬಹುಪಾಲು ಬೆಳಕಾಗದೆ ಬಿಸಿಯಾಗಿ ಹೋಗುತ್ತದೆ. 5 ಮಿಲಿಮೀಟರಿನ ಒಂದು ಬಿಳಿ ಎಲ್‌ಇಡಿಗೆ 20 ಮಿಲಿಆಂಪಿಯರ್ ಸಾಕು. ಮೂರು ಎಲ್‌ಇಡಿ ಹಾಕಿದರೂ 60, ಅಂದರೆ ಹಳೇ ಬಲ್ಬಿನ ಐದರಲ್ಲಿ ಒಂದು ಪಾಲು. ಅದೇ ಸೆಲ್ಲು ಐದು ಪಟ್ಟಾದರೂ ಹೆಚ್ಚು ಹೊತ್ತು ಬಾಳುತ್ತದೆ.

ಮೂರು ಸೆಲ್ಲಿನ ಬ್ಯಾಟ್ರಿಗೆ ಕೆಲಸ ಸುಲಭ. ಮೂರು ಸೆಲ್ಲಿಗೆ 4.5 ವೋಲ್ಟ್. ಬಿಳಿ ಎಲ್‌ಇಡಿಗೆ ಬೇಕಾದದ್ದು ಸುಮಾರು 3.2. ಉಳಿದ 1.3 ವೋಲ್ಟನ್ನು ತಡೆಯಲು 68 ಓಮ್‌ನ ಒಂದು ರೆಸಿಸ್ಟರ್. ಮೂರು ಎಲ್‌ಇಡಿಯಾದರೆ ಒಂದೊಂದಕ್ಕೂ ಒಂದೊಂದು ರೆಸಿಸ್ಟರ್ ಬೇಕು. ಕೆಟ್ಟ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ, ಗಾಜು ಒಡೆದು ತೆಗೆದು, ಉಳಿದ ಲೋಹದ ಬುಡಕ್ಕೆ ಇವನ್ನು ಬೆಸುಗೆ ಹಾಕಬೇಕು. ಎಲ್‌ಇಡಿಯ ಉದ್ದ ಕಾಲು ಪ್ಲಸ್, ಅದು ರೆಸಿಸ್ಟರ್ ಮೂಲಕ ಬುಡದ ತುದಿಗೆ. ಗಿಡ್ಡ ಕಾಲು ಪಕ್ಕದ ಲೋಹಕ್ಕೆ. ಸೆಲ್ಲಿನ ಮೊಟ್ಟು ಬಲ್ಬಿನ ಕಡೆ ಇರಬೇಕು. ಹಳೇ ಬಲ್ಬಿಗೆ ಸೆಲ್ಲು ತಿರುಗಿಸಿ ಹಾಕಿದರೂ ನಡೆಯುತ್ತಿತ್ತು, ಎಲ್‌ಇಡಿಗೆ ನಡೆಯುವುದಿಲ್ಲ. ಮೊಬೈಲ್ ರಿಪೇರಿ ಮಾಡುವ ಯಾವ ಹುಡುಗನಿಗೂ ಇದು ಹತ್ತು ನಿಮಿಷದ ಕೆಲಸ.

ಎರಡು ಸೆಲ್ಲಿನದಕ್ಕೆ ಹೀಗೆ ಮಾಡಬೇಡಿ. ಹೊಸ ಸೆಲ್ಲು ಹಾಕಿದರೂ ಸಿಗುವುದು 3 ವೋಲ್ಟ್ ಮಾತ್ರ. ಸೆಲ್ಲು ಸ್ವಲ್ಪ ಇಳಿದರೆ ಎಲ್‌ಇಡಿ ಮಂಕಾಗುತ್ತದೆ, ಸೆಲ್ಲಿನಲ್ಲಿ ಇನ್ನೂ ಎಷ್ಟೋ ಶಕ್ತಿ ಉಳಿದಿರುತ್ತದೆ. ವೋಲ್ಟ್ ಏರಿಸುವ ಪುಟ್ಟ ಸರ್ಕ್ಯೂಟ್ ಒಳಗೇ ಇರುವ ರೆಡಿ ಎಲ್‌ಇಡಿ ಬಲ್ಬುಗಳಿವೆ. ಹಾಸನದಂಥ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅಥವಾ ಆನ್‌ಲೈನ್‌ನಲ್ಲಿ ಹುಡುಕಿ. ಎರಡು ಸೆಲ್ಲಿಗೆ ಆಗುತ್ತದೆ ಎಂದು ಬರೆದಿದೆಯೇ ನೋಡಿ. ಅಳತೆ ತಪ್ಪದಂತೆ ಹಳೇ ಬಲ್ಬನ್ನು ಜೊತೆಗೆ ಒಯ್ಯಿರಿ. ಹಳೇ ಮೊಬೈಲ್ ಬ್ಯಾಟರಿಯನ್ನು ಮಾತ್ರ ಒಳಗೆ ತುರುಕಬೇಡಿ. ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ.

ಇದರ ಮಿತಿಯನ್ನೂ ಹೇಳಬೇಕು. ಹೀಗೆ ಮಾಡಿದ ಬೆಳಕು ಕಾಲಬುಡಕ್ಕೆ, ಹತ್ತು ಹೆಜ್ಜೆ ಮುಂದಕ್ಕೆ ಚೆನ್ನಾಗಿರುತ್ತದೆ. ದೂರಕ್ಕೆ ಹೋಗುವುದಿಲ್ಲ, ಯಾಕೆಂದರೆ ಒಳಗಿನ ಕನ್ನಡಿ ಬಟ್ಟಲನ್ನು ಮಾಡಿರುವುದು ತಂತಿ ಇರುವ ಜಾಗದ ಲೆಕ್ಕಕ್ಕೆ. ಆಲೂರು, ಸಕಲೇಶಪುರದ ಕಡೆ ಆನೆ ಇದೆಯಾ ಅಂತ ದೂರದಿಂದಲೇ ನೋಡಬೇಕಾದವರಿಗೆ ಇದು ಸಾಲದು. ಅವರಿಗೆ ಬೇರೆ ದೊಡ್ಡ ಬೆಳಕೇ ಬೇಕು.

ಇನ್ನೊಂದು ಮಾತು. ಒಳ್ಳೇ ಬ್ಯಾಟ್ರಿ ಇದೆ ಎಂದ ಮಾತ್ರಕ್ಕೆ ರೈತ ನಡುರಾತ್ರಿ ಹೊಲಕ್ಕೆ ಹೋಗಲಿ ಎಂಬುದು ನಮ್ಮ ವಾದವಲ್ಲ. ಪಂಪ್‌ಸೆಟ್ಟಿಗೆ ಹಗಲಲ್ಲೇ ಕರೆಂಟು ಕೊಡಿ ಎಂಬ ಬೇಡಿಕೆ ನ್ಯಾಯವಾದದ್ದು, ಅದನ್ನು ಬಿಡಬಾರದು. ಅದು ಈಡೇರುವವರೆಗೆ ಕತ್ತಲಲ್ಲಿ ನಡೆಯುವುದು ನಾವೇ ಆದ್ದರಿಂದ ಈ ಮಾತು.

ಮನೆಯ ಬಲ್ಬು ಬದಲಾದದ್ದು ಸರ್ಕಾರ ಕೈಹಾಕಿದ್ದರಿಂದ. 2015ರ ಜನವರಿ 5ರಂದು ಕೇಂದ್ರದ ಯೋಜನೆ ಶುರುವಾಯಿತು, ನಮ್ಮ ರಾಜ್ಯದಲ್ಲಿ ಅದು ‘ಹೊಸಬೆಳಕು’ ಎಂಬ ಹೆಸರಿನಲ್ಲಿ ಬಂತು. 60 ವ್ಯಾಟಿನ ಬಲ್ಬಿದ್ದ ಜಾಗಕ್ಕೆ 9 ವ್ಯಾಟಿನದು ಬಂತು. ಕೈಬ್ಯಾಟ್ರಿಗೆ ಅಂಥ ಯೋಜನೆ ಬೇಕಾಗಿಯೂ ಇಲ್ಲ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಒಂದು ಮಧ್ಯಾಹ್ನ ಮಕ್ಕಳ ಕೈಲಿ ಇದನ್ನು ಮಾಡಿಸಬಹುದು. ವೋಲ್ಟ್, ಓಮ್ ಎಂಬುದು ಆಗ ಪುಸ್ತಕದಲ್ಲೇ ಉಳಿಯುವುದಿಲ್ಲ. ಐಟಿಐ ಓದಿ ಊರಲ್ಲಿರುವ ಹುಡುಗರು ಹಬ್ಬದ ದಿನ ಅರಳಿಕಟ್ಟೆಯಲ್ಲಿ ಕೂತು ಊರಿನ ಬ್ಯಾಟ್ರಿಗಳನ್ನೆಲ್ಲ ರಿಪೇರಿ ಮಾಡಿಕೊಡಬಹುದು. ಎಲ್‌ಇಡಿ, ರೆಸಿಸ್ಟರ್ ಬಿಡಿಯಾಗಿ ಕೊಂಡರೆ ಕೆಲವೇ ರೂಪಾಯಿ, ಉಳಿದದ್ದು ಅವರ ಕೂಲಿ. ಅದನ್ನು ಕೊಡೋಣ. ಹೊರಗೆ ಹೋಗುವ ದುಡ್ಡು ಊರಿನ ಹುಡುಗನ ಕೈಗೆ ಬಂದರೆ ನಷ್ಟವೇನು?

ಅಟ್ಟದಿಂದ ಇಳಿಸಿದ ಬ್ಯಾಟ್ರಿಯಲ್ಲಿ ಹಳೇ ಸೆಲ್ಲು ಸೋರಿದ್ದರೆ ಗಾಬರಿ ಬೇಡ. ಬಿಳಿ ಪುಡಿಯನ್ನು ಕೈಗೆ ತಾಗಿಸಿಕೊಳ್ಳದೆ ಒರೆಸಿ, ಸ್ಪ್ರಿಂಗನ್ನು ಉಪ್ಪುಕಾಗದದಿಂದ ಉಜ್ಜಿ. ಬಳಸದೇ ಇಡುವಾಗ ಸೆಲ್ಲು ಹೊರಗೆ ತೆಗೆದಿಡಿ. ಇಷ್ಟು ನೋಡಿಕೊಂಡರೆ ಅಜ್ಜನ ಕಾಲದ ಬ್ಯಾಟ್ರಿ ಮೊಮ್ಮಕ್ಕಳಿಗೂ ಆದೀತು. ಈ ಮಳೆಗಾಲಕ್ಕೆ ಮುಂಚೆ ಒಂದನ್ನಾದರೂ ಮಾಡಿಸಿ ನೋಡಿ.