ಕಾಡಿಗೆ ಸೈಕಲ್ ಒಯ್ಯುವ ಮುನ್ನ

ಕಳೆದ ಡಿಸೆಂಬರ್‌ನ ಒಂದು ಭಾನುವಾರ. ಕಾಲೇಜಿನ ಇಬ್ಬರು ಗೆಳೆಯರು ಹುಬ್ಬಳ್ಳಿಯಿಂದ ಗೇರ್ ಸೈಕಲ್ ತಂದಿದ್ದರು. ಅವರನ್ನು ನಮ್ಮೂರು ತಂಬೂರದ ಕಾಡು ಸುತ್ತಿಸುತ್ತೇನೆ ಎಂದು ಹೇಳಿಕೊಂಡಿದ್ದವನು ನಾನು. ಮೊಬೈಲ್ ಆ್ಯಪ್‌ನಲ್ಲಿ ಯಾರೋ ಹಿಂದೆ ಸೈಕಲ್ ತುಳಿದಿದ್ದ 26 ಕಿ.ಮೀ. ದಾರಿಯ ಗೆರೆ ಸಿಕ್ಕಿತ್ತು. ಬಸವಣ್ಣನ ಗುಡಿಗೆ ಕೈಮುಗಿದು ಮಧ್ಯಾಹ್ನ 3 ಗಂಟೆಗೆ ಹೊರಟೆವು.

ಐದೂವರೆಯ ಹೊತ್ತಿಗೆ ಅರ್ಧ ದಾರಿಯೂ ಮುಗಿದಿರಲಿಲ್ಲ. ಒಂದು ಗಾಲಿ ಪಂಕ್ಚರ್ ಆಗಿತ್ತು, ನೀರು ಖಾಲಿಯಾಗಿತ್ತು, ಮೊಬೈಲ್‌ಗೆ ಸಿಗ್ನಲ್ ಇರಲಿಲ್ಲ. ದನ ಹೊಡೆದುಕೊಂಡು ಊರ ಕಡೆ ಹೊರಟಿದ್ದ ಅಜ್ಜರೊಬ್ಬರು ನಮ್ಮನ್ನು ನಿಲ್ಲಿಸಿದರು.

‘ಎಲ್ಲಿಗೆ ಹೊಂಟೀರಿ ತಮ್ಮಾ? ಮುಂದ ದಾರಿ ಇಲ್ಲ. ಮಳಿಗಾಲದಾಗ ಹಳ್ಳ ಕೊಚ್ಚಿಕೊಂಡು ಹೋಗೈತಿ.’

‘ಮೊಬೈಲ್‌ನ್ಯಾಗ ದಾರಿ ತೋರಸ್ತೈತ್ರಿ ಅಜ್ಜಾ’ ಎಂದೆ.

‘ಎರಡ ದಿನದಿಂದ ಆನಿ ಈ ಕಡೇನ ಅದಾವ. ಅದನ್ನೂ ತೋರಸ್ತೈತೇನು?’

ನನ್ನ ಬಳಿ ಉತ್ತರವಿರಲಿಲ್ಲ. ದನಗಳ ಹಿಂದೆ ಸೈಕಲ್ ತಳ್ಳಿಕೊಂಡು ನಾವು ಊರು ಮುಟ್ಟಿದಾಗ ಪೂರ್ತಿ ಕತ್ತಲು. ಗೆಳೆಯರಿಗೆ ಅದೊಂದು ಸಾಹಸ. ನನಗೆ ಮಾತ್ರ ನಾಚಿಕೆ. ಹುಟ್ಟಿ ಬೆಳೆದ ಊರಿನ ಕಾಡಿನ ಬಗ್ಗೆ ಊರಿನ ಒಬ್ಬರನ್ನೂ ಕೇಳದೆ ಮೊಬೈಲ್ ನಂಬಿದ್ದೆ.

ಆ್ಯಪ್‌ನ ಗೆರೆ ಸುಳ್ಳಲ್ಲ. ಆದರೆ ಯಾರೋ ಒಬ್ಬರು ಒಮ್ಮೆ ಅಲ್ಲಿ ಹೋಗಿದ್ದರು ಎನ್ನುವುದಷ್ಟೇ ಅದರ ಅರ್ಥ. ಅವರು ಯಾವ ತಿಂಗಳಲ್ಲಿ ಹೋದರು, ಅನುಮತಿ ಪಡೆದಿದ್ದರೇ, ಆಗ ಕಬ್ಬು, ಗೋವಿನಜೋಳದ ಹೊಲಗಳಿಗೆ ಆನೆ ಇಳಿಯುತ್ತಿತ್ತೇ ಎಂಬುದು ಅದರಲ್ಲಿ ಕಾಣುವುದಿಲ್ಲ. ಕಲಘಟಗಿ ತಾಲ್ಲೂಕಿನ ಕಾಡು ಉತ್ತರ ಕನ್ನಡದ ಕಾಡಿಗೆ ಅಂಟಿಕೊಂಡಿದೆ. ಅತ್ತಲಿಂದ ಆನೆಗಳು ನಮ್ಮ ಹೊಲಗಳಿಗೆ ಬಂದುಹೋಗುವುದು ಈ ಭಾಗದವರಿಗೆಲ್ಲ ಗೊತ್ತಿರುವ ಸಂಗತಿ.

ಕಾಡಿನ ಸವಾರಿಯ ಅರ್ಧ ಕೆಲಸ ಮನೆಯಲ್ಲೇ ಮುಗಿಯಬೇಕು ಎಂಬುದು ನನಗೆ ಅಂದು ಅರ್ಥವಾಯಿತು. ಮೊದಲನೆಯದು ಲೆಕ್ಕ. ಡಾಂಬರು ರಸ್ತೆಯಲ್ಲಿ ನಾವು ಗಂಟೆಗೆ 18 ಕಿ.ಮೀ. ಹೋಗುತ್ತೇವೆ, 26 ಕಿ.ಮೀ.ಗೆ ಒಂದೂವರೆ ಗಂಟೆ ಸಾಕು. ಕಲ್ಲು, ಬೇರು, ಮರಳು ತುಂಬಿದ ಚಕ್ಕಡಿ ದಾರಿಯಲ್ಲಿ ನಮ್ಮ ವೇಗ ಗಂಟೆಗೆ 8 ಕಿ.ಮೀ. ದಾಟಲಿಲ್ಲ. ಅಂದರೆ ಮೂರು ಗಂಟೆಗೂ ಹೆಚ್ಚು, ಪಂಕ್ಚರ್ ಆದರೆ ಇನ್ನರ್ಧ ಗಂಟೆ. ಡಿಸೆಂಬರ್‌ನಲ್ಲಿ 6 ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮೂರಕ್ಕೆ ಹೊರಟಾಗಲೇ ನಾವು ತಪ್ಪಿದ್ದೆವು. ಮೂರು ವರ್ಷದಿಂದ ಎಂಜಿನಿಯರಿಂಗ್ ಗಣಿತ ಓದುತ್ತಿರುವ ನಮಗೆ ಈ ಭಾಗಾಕಾರ ಹೊಳೆದಿರಲಿಲ್ಲ.

ಎರಡನೆಯದು ನಕ್ಷೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 500 ಮೀಟರ್. ಅದರಲ್ಲಿ ಒಂದು ಸಮೋನ್ನತ ರೇಖೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರದ ವ್ಯತ್ಯಾಸ ಇರುತ್ತದೆ. ಒಂದು ಸೆಂ.ಮೀ. ದಾರಿಯಲ್ಲಿ ಇಂಥ ಐದು ಅಂತರ ದಾಟಿದರೆ 500 ಮೀಟರ್‌ಗೆ 100 ಮೀಟರ್ ಏರು. ಅಲ್ಲಿ ನನ್ನಂಥವನು ಸೈಕಲ್ ತುಳಿಯುವುದಿಲ್ಲ, ತಳ್ಳುತ್ತಾನೆ. ಹಳ್ಳ ಎಲ್ಲಿ ದಾಟಬೇಕು, ಅರ್ಧಕ್ಕೆ ಬಿಡಬೇಕಾದರೆ ಯಾವ ಊರಿನ ರಸ್ತೆ ಹತ್ತಿರ ಎಂಬುದನ್ನೂ ಮೊದಲೇ ಗುರುತು ಮಾಡಿಕೊಳ್ಳಬಹುದು.

ಮೂರನೆಯದು ಕಾಲ. ಮಳೆಯಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ ಉರುಳುವುದೇ ಇಲ್ಲ. ಹಸಿ ನೆಲದಲ್ಲಿ ಗಾಲಿ ಕೊರೆದ ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ. ಬೇಸಿಗೆಯಲ್ಲಿ ಎಲೆಯುದುರಿ ಒಣಗಿದ ಕಾಡಿಗೆ ಬೆಂಕಿಯ ಭಯ. ನಮ್ಮ ಕಡೆ ನವೆಂಬರ್‌ನಿಂದ ಜನವರಿಯವರೆಗಿನ ಬೆಳಗಿನ ಹೊತ್ತು ಇದಕ್ಕೆ ಸರಿಯಾದ ಕಾಲ.

ಇವೆಲ್ಲಕ್ಕಿಂತ ದೊಡ್ಡದು ಅನುಮತಿ. ಕಾಯ್ದಿಟ್ಟ ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ‘ಕಾಡು ಎಲ್ಲರದ್ದು, ಸೈಕಲ್‌ಗೆ ಹೊಗೆಯಿಲ್ಲ, ಸದ್ದಿಲ್ಲ, ಯಾಕೆ ಬಿಡಬಾರದು?’ ಎಂದು ಗೆಳೆಯ ವಾದಿಸಿದ. ಸದ್ದಿಲ್ಲ ಎಂಬುದೇ ಇಲ್ಲಿ ಅಪಾಯ. ತಿರುವಿನಲ್ಲಿ ಸದ್ದಿಲ್ಲದೆ ವೇಗವಾಗಿ ಬರುವ ಸೈಕಲ್ ಆನೆಗೂ ಗೊತ್ತಾಗುವುದಿಲ್ಲ, ಸೌದೆಹೊರೆ ಹೊತ್ತು ಬರುವ ಹೆಣ್ಣುಮಗಳಿಗೂ ಗೊತ್ತಾಗುವುದಿಲ್ಲ.

ಹಾಗೆಂದು ಬೇಡವೇ ಬೇಡ ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಸೇರಿ ನೂಕುನುಗ್ಗಲಾದಾಗ ರಾಜ್ಯದಲ್ಲಿ ಚಾರಣಕ್ಕೆ ತಡೆ ಬಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಆನ್‌ಲೈನ್ ಬುಕಿಂಗ್ ಶುರುವಾಯಿತು. ಇಷ್ಟೇ ಜನ, ಇದೇ ದಾರಿ ಎಂಬ ಲೆಕ್ಕ ಬಂತು. ಸೈಕಲ್‌ಗೂ ಇಂಥದ್ದೇ ವ್ಯವಸ್ಥೆ ಇದ್ದರೆ ಕದ್ದು ನುಗ್ಗುವವರು ಕಡಿಮೆಯಾಗುತ್ತಾರೆ.

ವೇಲ್ಸ್ ದೇಶದ ಕೋಯ್ಡ್ ಅ ಬ್ರೆನಿನ್ ಎಂಬ ಕಾಡಿನಲ್ಲಿ 1990ರ ದಶಕದಲ್ಲೇ ಸೈಕಲ್‌ಗೆಂದು ದಾರಿ ಮಾಡಿದರು. ಬ್ರಿಟನ್‌ನ ಇಂಥ ದಾರಿಗಳಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಗುರುತು ಹಾಕಿರುತ್ತಾರೆ. ಹಸಿರು ಸುಲಭ, ಕಪ್ಪು ಅತಿ ಕಠಿಣ. ಹೊಸಬ ತನ್ನ ಶಕ್ತಿಗೆ ತಕ್ಕ ದಾರಿ ಹಿಡಿಯುತ್ತಾನೆ. ಆದರೆ ಆ ಕಾಡಿನಲ್ಲಿ ಆನೆಯಿಲ್ಲ, ಅದನ್ನು ಹಾಗೆಯೇ ಇಲ್ಲಿಗೆ ತರಲಾಗದು. ನಮ್ಮಲ್ಲಿ ಕಾಡಿನ ಒಳಗೆ ಹೊಸ ದಾರಿ ಕಡಿಯುವುದು ಬೇಕಿಲ್ಲ. ಕಾಡಂಚಿನ ಚಕ್ಕಡಿ ದಾರಿ, ಕೆರೆ ಏರಿ, ಊರಿಂದ ಊರಿಗೆ ಹೋಗುವ ಮಣ್ಣಿನ ರಸ್ತೆ ಕೂಡಿಸಿದರೆ 15–20 ಕಿ.ಮೀ.ಗಳ ಒಂದು ಸುತ್ತು ಸಿಗುತ್ತದೆ. ಅದಕ್ಕೆ ಗುರುತಿನ ಕಲ್ಲು ನೆಟ್ಟು, ಆನೆ ಬಂದ ದಿನ ಮುಚ್ಚಿ, ಊರಿನ ಹುಡುಗರನ್ನೇ ಮಾರ್ಗದರ್ಶಕರನ್ನಾಗಿ ಮಾಡಲಿ.

ಇದನ್ನು ಮನೆಯಲ್ಲಿ ಹೇಳಿದಾಗ ಅಜ್ಜಿ ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ: ‘ನಾವು ಒಂದ ಹೊರೆ ಕಟಗಿ ತರಾಕ ಹೋದ್ರ ಬೈತಾರ. ನಿಮ್ಮ ಸೈಕಲ್ಲಿಗೆ ಹ್ಯಾಂಗ ಬಿಡ್ತಾರ?’

ಸರಿಯಾದ ಪ್ರಶ್ನೆ. ಕಾಡಿನ ಪಕ್ಕದಲ್ಲೇ ಬದುಕುವವರಿಗೆ ಮುಚ್ಚಿದ ಬಾಗಿಲು, ರಜೆಗೆ ಬರುವವರಿಗೆ ತೆರೆಯುವುದು ನ್ಯಾಯವಲ್ಲ. ಕರ್ನಾಟಕದಲ್ಲಿ 1993ರಿಂದ ಜಂಟಿ ಅರಣ್ಯ ನಿರ್ವಹಣೆಯಡಿ ಗ್ರಾಮ ಅರಣ್ಯ ಸಮಿತಿಗಳಿವೆ. ಸೈಕಲ್ ದಾರಿ ಆಗುವುದಾದರೆ ಅಂಥ ಸಮಿತಿಯ ಒಪ್ಪಿಗೆಯಿಂದಲೇ ಆಗಲಿ, ಶುಲ್ಕದ ದೊಡ್ಡ ಪಾಲು ಅದಕ್ಕೇ ಸೇರಲಿ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಾ ಬೆಂಗಳೂರಿನ ಬಸ್ ಹತ್ತುವ ನಮ್ಮೂರಿನ ಹುಡುಗರಲ್ಲಿ ನಾಲ್ಕು ಜನಕ್ಕಾದರೂ ಚಳಿಗಾಲದ ಮೂರು ತಿಂಗಳು ಕೆಲಸ ಸಿಕ್ಕೀತು. ಊರಿಗೆ ಏನೂ ಸಿಗದಿದ್ದರೆ ಆ ದಾರಿ ಬೇಡ. ಸೈಕಲ್ ಇಷ್ಟಪಡುವವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಜನವರಿಯಲ್ಲಿ ನಾವು ಮೂವರೂ ಮತ್ತೆ ಹೊರಟೆವು. ಈ ಸಲ ಬೆಳಿಗ್ಗೆ 7ಕ್ಕೆ, ಕಾಡಿನ ಒಳಗಲ್ಲ, ಹೊರಗಿನ ಮಣ್ಣಿನ ರಸ್ತೆಯಲ್ಲಿ 14 ಕಿ.ಮೀ. ಮಾತ್ರ. ತಲಾ ಎರಡು ಲೀಟರ್ ನೀರು, ಪಂಪು, ಪಂಕ್ಚರ್ ಸಾಮಾನು ಇದ್ದವು. ಯಾವ ದಾರಿ, ಎಷ್ಟೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಚೀಟಿ ಬರೆದಿಟ್ಟಿದ್ದೆ. ಹಿಂದಿನ ಸಂಜೆ ಅದೇ ಅಜ್ಜರ ಮನೆಗೆ ಹೋಗಿ ಆನೆ ಎಲ್ಲಿವೆ ಎಂದು ಕೇಳಿಕೊಂಡು ಬಂದಿದ್ದೆ. ಹತ್ತು ಗಂಟೆಗೆಲ್ಲ ಮನೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದೆವು.